ಮುರಿದ ಗೆರಟೆ ಸೌಟು

ಹ್ಯೂಬರ್ಟ್,

ಹಂಚಿನ ಕಾರ್ಖಾನೆಯಿಂದ ಬಂದು ಮಗ್ದಲೀನಳನ್ನು ಕರೆಯಬೇಡ. ಅವಳಿಲ್ಲ. ಹಣೆಗೆ ಹೊಲಿಗೆ ಹಾಕಿಸಲಿಕ್ಕೆ ಆಸ್ಪತ್ರೆಗೆ ಕರಕೊಂಡು ಹೋಗ್ತಿದ್ದೇನೆ. ಅಲ್ಲಿಂದ ನೇರ ಸುರತ್ಕಲ್ ಬಸ್ಸು, ಅವಳ ತಾಯಿಮನೆಗೆ.

ಬೆಳಿಗ್ಗೆ ತಂಗಳನ್ನ ಬಡಿಸಿದಳೆಂದು ಹೆಂಡತಿಯ ಹಣೆ ಒಡೆಯುವುದಾ? ರಾತ್ರಿ ಉಳಿದ ಅನ್ನಕ್ಕೆ ನೀರು ಹಾಕಿಡಲು ಅವಳಿಗೆ ಹೇಳಿಕೊಟ್ಟವಳು ನಾನು. ನಿನ್ನ ತೋಳಿಗೆ ಈ ಬಲ ಬಂದದ್ದೂ ಅದನ್ನೇ ತಿಂದು.

ನೀನು ಗೋಡೆಗೆ ಎಸೆದ ಅನ್ನವನ್ನು ಬಳಿದು ಕೋಳಿಗಳಿಗೆ ಹಾಕು. ನೆಲದ ರಕ್ತ ನಾನು ಒರೆಸಲಿಲ್ಲ. ಒಲೆಯ ಬೂದಿ ಹಾಕಿ ನೀನೇ ತಿಕ್ಕು, ಸೋಪು ಮುಟ್ಟಬೇಡ. ತೊಳೆದ ನೀರು ಬಸಳೆಯ ಬುಡಕ್ಕೆ.

ಅವಳ ತಲೆಯ ಮೇಲೆ ಮುರಿದ ತೆಂಗಿನ ಗೆರಟೆ ಸೌಟನ್ನು ಬಿಸಾಡಬೇಡ. ಬಚ್ಚಲಿನ ಒಲೆಗೆ ಹಾಕು, ಹಂಡೆಯ ನೀರು ಕಾಯಲಿ. ಆ ನೀರು ಮೈಮೇಲೆ ಹೊಯ್ದುಕೊಳ್ಳುವಾಗ ಅವಳ ಕೂಗು ನೆನಪಾಗಲಿ.

ಬಂಗುಡೆ ಮೀನು ಉಂಟು, ನೀನೇ ಕೊಯ್ಯಬೇಕು. ತಲೆ, ಕರುಳು ಎಲ್ಲ ಯಾವಾಗಿನಂತೆ ತೆಂಗಿನ ಬುಡದಲ್ಲಿ ಹೂಳು.

ಪ್ರಾರ್ಥನೆಗೆ ಕೂರುವಾಗ ಚಿಮಿಣಿ ದೀಪದ ಬತ್ತಿ ತಗ್ಗಿಸು. ಎಣ್ಣೆಯೂ ಉಳಿಯುತ್ತದೆ, ದೇವರಿಗೆ ನಿನ್ನ ಮುಖ ನೋಡುವ ಕರ್ಮವೂ ತಪ್ಪುತ್ತದೆ.

ತೆಂಗಿನ ಮಡಲು ಕಡಿಯುವ ಕತ್ತಿ ಹುಡುಕಬೇಡ. ಅದು ನನ್ನ ಚೀಲದಲ್ಲಿ ಉಂಟು. ನಿನ್ನ ಅಪ್ಪನ ಪೆಟ್ಟು ನಾನು ಬಾಯಿ ಮುಚ್ಚಿ ತಿಂದೆ, ಅದು ನನ್ನೊಟ್ಟಿಗೇ ಮುಗಿಯಬೇಕು. ಅವಳ ಮೇಲೆ ಇನ್ನೊಮ್ಮೆ ಕೈ ಎತ್ತಿದೆಯೋ, ಆ ಕೈ ಕಡಿದು ಬಂಗುಡೆಯ ಕರುಳಿನೊಟ್ಟಿಗೆ ಅದೇ ತೆಂಗಿನ ಬುಡದಲ್ಲಿ ಹೂಳ್ತೇನೆ.

ನಾನಿರುವ ಮನೆಯಲ್ಲಿ ಯಾವುದೂ ದಂಡವಾಗುವುದಿಲ್ಲ ಮಾರಾಯ.

ಅಮ್ಮ