ಹ್ಯಾಲ್ಡನ್ ಸಾಹೇಬರ ತಾಟು

ಜೂನ್ 3, ಮಂಗಳವಾರ. ಬೆಳಗ್ಗೆ

ಹ್ಯಾಲ್ಡನ್ ಜೀವನಚರಿತ್ರೆ, ಏಳನೇ ಅಧ್ಯಾಯ. ಬ್ರಿಟಿಷ್ ರಾಜತಾಂತ್ರಿಕನಾಗಿ ಮದ್ರಾಸಿನಲ್ಲಿದ್ದ ವರ್ಷಗಳು. ಪುಸ್ತಕದ ಫ್ಯಾಕ್ಟ್ ಚೆಕ್ ನನ್ನದು. ದೇವದುರ್ಗವನ್ನು ಆಂಧ್ರಕ್ಕೆ ಸೇರಿಸಿದ್ದಾರೆ. ಮಾಮೂಲು ತಪ್ಪು, ತಿದ್ದಿದೆ.

ಆಮೇಲೆ ಈ ಪ್ಯಾರಾ. 1988, ಮಾನ್ವಿ ತಾಲ್ಲೂಕಿನ ಕುರ್ಡಿ. ಬೋರ್‌ವೆಲ್ ನೋಡಲು ಬಂದ ಹ್ಯಾಲ್ಡನ್ ದಲಿತ ಕೇರಿಯ ಮಾಸ್ತರರ ಮನೆಯಲ್ಲಿ ಊಟಕ್ಕೆ ಕೂತರು. ಮನೆಯವರಿಗೆ ತಿನ್ನಲು ಏನೂ ಇರಲಿಲ್ಲ. ಹ್ಯಾಲ್ಡನ್ ತಮ್ಮ ತಾಟನ್ನೇ ಹಸಿದ ಹುಡುಗಿಯ ಮುಂದೆ ಸರಿಸಿದರು. ಅವಳು ಬಾಚಿ ತಿಂದಳು.

ಆ ಕೇರಿಯಲ್ಲಿ ಮಾಸ್ತರು ಇದ್ದದ್ದು ಒಬ್ಬರೇ. ನನ್ನ ಅಪ್ಪ, ತಾಯಣ್ಣ. ಹುಡುಗಿ ನಾನು.

ಜೀಪು ನೆನಪಿದೆ. ಊಟ ನೆನಪಿಲ್ಲ...

ಸಂಜೆ

ಅವ್ವನಿಗೆ ಹೇಳಿದೆ. ಸೊಪ್ಪು ಸೋಸುತ್ತಿದ್ದ ಕೈ ನಿಂತಿತು.

"ಏನೂ ಇರಲಿಲ್ಲ? ಬುಟ್ಟಿ ತುಂಬ ರೊಟ್ಟಿ ಬಡದಿದ್ದೆ ಬೇ. ಪುಂಡಿಪಲ್ಯ, ತತ್ತಿ ಪಲ್ಯ. ಬಂದೋರು ಉಂಡ ಮ್ಯಾಲೆ ಮನಿಯವರು ಉಣ್ಣೋದು. ಅಷ್ಟೂ ತಿಳೀಲಿಲ್ಲೇನು ಅವಗ?"

"ತಾಟು ಸರಿಸಿದ್ನಾ ಯವ್ವಾ?"

"ಸುಳ್ಳು. ಗೌಡರ ಮನಿ ಎಂಜಲ ತಿಂದು ಬೆಳದಾಕಿ ನಾನು. ನನ್ನ ಮನ್ಯಾಗ, ನನ್ನ ಮಗಳ ಮುಂದ ಎಂಜಲ ಇಟ್ಟಿದ್ರ ಸುಮ್ನ ಬಿಡ್ತಿದ್ನೇನು?"

ಜೂನ್ 5

ಅವ್ವ ಹೇಳಿದ್ದನ್ನು ಪುಸ್ತಕದ ಲೇಖಕರಿಗೆ ಬರೆದಿದ್ದೆ. ಇವತ್ತು ಅವರ ಉತ್ತರ. ಹ್ಯಾಲ್ಡನ್ ಅದೇ ದಿನ ಹೆಂಡತಿಗೆ ಬರೆದ ಪತ್ರವಿದೆಯಂತೆ. ತಾಯಿಯ ನೆನಪು ಆಧಾರವಾಗದಂತೆ. ‘ನಿಮ್ಮ ಭಾವನೆಗಳನ್ನು ಗೌರವಿಸುತ್ತೇನೆ.’

ಮೈ ಉರಿಯಿತು. ಭಾವನೆ ಯಾರು ಕೇಳಿದರು?

ಆದರೆ ಬೇರೆಯವರ ಮನೆಯಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇನ್ನೊಬ್ಬ ಸಾಕ್ಷಿ ಬೇಕು.

ಜೂನ್ 8, ಭಾನುವಾರ

ದೇವದುರ್ಗ. ಬಸ್ಸಿನಲ್ಲಿ ನಿಂತೇ ಹೋದೆ. ಅಂದು ಜೀಪು ಓಡಿಸಿದ್ದ ಅಬ್ದುಲ್ ವಹೀದ್ ಸಿಕ್ಕರು. ಅಪ್ಪನ ಹೆಸರು ಹೇಳಿದ ಕೂಡಲೇ ಕುರ್ಚಿ ಒರೆಸಿದರು.

"ಮಾಸ್ತರ ಮಗಳೇನ್ರಿ? ಬರ್ರಿ, ಕುಂದರ್ರಿ. ಅವತ್ತು ನಾನೂ ಸಾಹೇಬರ ಪಕ್ಕದಾಗ ಉಂಡೀನಿ. ಖಾರಕ್ಕ ಕಣ್ಣಾಗ ನೀರು ಅವರಿಗೆ, ಆದ್ರೂ ಮತ್ತ ನೀಡ್ರಿ ಅಂತಿದ್ರು."

"ತಾಟು ಸರಿಸಿದ್ರಾ?"

"ಅದು ಖರೇನ್ರಿ. ನೀವು ಕೈ ಚಾಚಿದ್ರಿ. ನಿಮ್ಮವ್ವಾರು ತಟ್ಟನ ತಾಟು ಕಸ್ಕೊಂಡು, ಹೊರಗ ಹೋಗಿ ನಾಯಿಗೆ ಸುರುವಿದ್ರು. ಸಾಹೇಬರು ನೋಡಲಿಲ್ಲ, ನಿಮ್ಮಪ್ಪಾರು ಮಾತಿಗೆ ಎಳದಿದ್ರು."

ಕೈ ಚಾಚಿದೆ. ನಾನು.

ಜೂನ್ 9

"ಯಾಕ ಸುಳ್ಳು ಹೇಳ್ದಿ ಯವ್ವಾ?"

"ನೀ ಕೈ ಚಾಚಿದ್ದಿ. ಅದನ್ನ ನಿನಗ ಹೆಂಗ ಹೇಳ್ಲಿ?"

ಜೂನ್ 12

ದಿಲ್ಲಿಯಿಂದ ಪುಸ್ತಕದ ಸಂಪಾದಕಿಯ ಫೋನ್. ಇಷ್ಟು ಬೇಜಾರಾದರೆ ಪ್ಯಾರಾನೇ ತೆಗೆದುಬಿಡೋಣ ಎಂದರು. ಒಪ್ಪಬಹುದಿತ್ತು. ತೆಗೆದರೆ ಹ್ಯಾಲ್ಡನ್ ಮಾಡಿದ ತಪ್ಪೂ ಇಲ್ಲ, ನನ್ನ ಕೈಯೂ ಇಲ್ಲ. ಅವ್ವನೂ ಇಲ್ಲ.

ಬೇಡ ಎಂದೆ. ತಿದ್ದುಪಡಿ ಟೈಪ್ ಮಾಡುತ್ತಿದ್ದೇನೆ, ಪ್ರತಿ ವಾಕ್ಯವನ್ನೂ ಅವ್ವನಿಗೆ ಕನ್ನಡದಲ್ಲಿ ಹೇಳುತ್ತ. ಮನೆಯಲ್ಲಿ ಎಲ್ಲರಿಗೂ ಅಡುಗೆ ಇತ್ತು. ಹ್ಯಾಲ್ಡನ್ ಮತ್ತೆ ಮತ್ತೆ ನೀಡಿಸಿಕೊಂಡರು. ಉಂಡ ತಾಟನ್ನು ಹುಡುಗಿಯ ಮುಂದೆ ಸರಿಸಿದರು. ಹುಡುಗಿ ಕೈ ಚಾಚಿದಳು.

"ಅದನ್ನೂ ಬರೀತಿಯೇನು?"

"ಬರೀತೀನಿ."

"ಹಂಗಾರ ನನ್ನ ಹೆಸರೂ ಹಾಕು."

ಅವಳ ತಾಯಿ ಗೋಪಮ್ಮ ಆ ತಾಟನ್ನು ಕಸಿದುಕೊಂಡು, ಹೊರಗೆ ನಾಯಿಗೆ ಸುರಿದರು.