ನಿರ್ವಾಣದ ಚಿತ್ರದಿಂದ ಬೆಕ್ಕನ್ನು ಎಬ್ಬಿಸುವುದಿಲ್ಲ

ವಾರ್ಡ್ ಕಚೇರಿಯ ಸಂಸ್ಕೃತಿ ವಿಭಾಗದ ಮುಖ್ಯಾಧಿಕಾರಿಗಳೇ,

ನನ್ನ ಬುದ್ಧನ ಪಕ್ಕದಿಂದ ಬೆಕ್ಕನ್ನು ಎಬ್ಬಿಸಬೇಕೆಂದು ತಾವು ಆಜ್ಞೆ ಮಾಡಿದ್ದೀರಿ. ಎಬ್ಬಿಸುವುದಿಲ್ಲ. ಬೆಕ್ಕು ಸಾಕಿದವರು ಯಾರೂ ಇಂಥ ಆಜ್ಞೆ ಬರೆಯುವುದಿಲ್ಲ.

ಬುದ್ಧ ಕೊನೆಯುಸಿರೆಳೆದ ಫೆಬ್ರವರಿ ಹದಿನೈದರ ನಿರ್ವಾಣದ ದಿನಕ್ಕೆ ಸಭಾಂಗಣದಲ್ಲಿ ತೂಗುಹಾಕಲು ಮರದಚ್ಚಿನ ಚಿತ್ರ ಬೇಕೆಂದು ಕೇಳಿದವರು ತಾವೇ. ‘ಹೊಸ ದೃಷ್ಟಿ ಇರಲಿ’ ಎಂದೂ ಬರೆದಿರಿ. ಇರಲಿ ಎಂದು ನಾನು ಬುದ್ಧನನ್ನು ಸಾಲವೃಕ್ಷಗಳ ನಡುವಿನಿಂದ ತಂದು ನಮ್ಮ ಬೀದಿಯ ಸಾರ್ವಜನಿಕ ಸ್ನಾನಗೃಹದ ಚಾಪೆಯ ಮೇಲೆ ಮಲಗಿಸಿದೆ. ಸುತ್ತ ಅಳುತ್ತಿರುವವರು ತೋಫು ಅಂಗಡಿಯಾಕೆ, ಟ್ಯಾಕ್ಸಿ ಚಾಲಕ, ಎರಡು ಕಾಗೆ, ಸ್ನಾನಗೃಹದ ಮಾಲೀಕ ಇಸಾಬುರೋ ಅಜ್ಜ. ಎಲ್ಲರಿಗೂ, ಕಾಗೆಗಳಿಗೂ, ಯುಕಾತಾ ಎಂಬ ಹತ್ತಿ ನಿಲುವಂಗಿ ಉಡಿಸಿದ್ದೇನೆ. ಅಜ್ಜನ ತೊಡೆಯ ಮೇಲೆ ಅವರ ಬೆಕ್ಕು ಸುಮಿ. ತಮ್ಮ ಸಮಿತಿ ಇದನ್ನು ಮೂರು ವಾರ ಪರಿಶೀಲಿಸಿ ತೀರ್ಪಿತ್ತಿತು: ‘ಪರಂಪರೆಯಂತೆ ನಿರ್ವಾಣದ ಚಿತ್ರದಲ್ಲಿ ಬೆಕ್ಕು ಇರತಕ್ಕದ್ದಲ್ಲ. ಉಳಿದಂತೆ ದೋಷವಿಲ್ಲ.’ ಆ ಕಥೆ ನನಗೂ ಗೊತ್ತು, ಮಾನ್ಯರೇ. ಬುದ್ಧನಿಗೆಂದು ತಾಯಿ ಸ್ವರ್ಗದಿಂದ ಎಸೆದ ಔಷಧದ ಚೀಲ ಮರಕ್ಕೆ ಸಿಕ್ಕಿಕೊಂಡಿತು, ತರಲು ಹೋದ ಇಲಿಯನ್ನು ಬೆಕ್ಕು ತಿಂದಿತು. ತಾಯಿಯ ಗುರಿ ತಪ್ಪಿದ್ದಕ್ಕೆ ಬೆಕ್ಕಿಗೇಕೆ ಬಹಿಷ್ಕಾರ?

ಇನ್ನು ‘ಉಳಿದಂತೆ ದೋಷವಿಲ್ಲ’ ಎಂಬ ಮಾತು. ಮರದಲ್ಲಿ ಕೆತ್ತಿದ್ದು ಕಾಗದದ ಮೇಲೆ ಎಡಬಲ ತಿರುಗಿ ಮೂಡುತ್ತದೆ. ಅದಕ್ಕೇ ಚಿತ್ರ ಬರೆದ ಹಾಳೆಯನ್ನು ಮುಖ ಕೆಳಗಾಗಿ ಹಲಗೆಗೆ ಅಂಟಿಸಿ ಕೆತ್ತಬೇಕು. ನಲವತ್ತು ವರ್ಷದ ಕಸುಬಿನ ನಾನು ಮುಖ ಮೇಲಾಗಿ ಅಂಟಿಸಿದ್ದೆ! ಹೇಳಲು ನಾಚಿಕೆಯಾಗುತ್ತದೆ. ತಮ್ಮ ಪತ್ರದ ಸುದ್ದಿ ಹೇಳಲು ಚಿತ್ರದ ಒಂದು ಪ್ರತಿ ಹಿಡಿದು ಹೋದಾಗ ಅಜ್ಜ ಕನ್ನಡಕವೂ ಇಲ್ಲದೆ ಆ ತಪ್ಪನ್ನು ಕಂಡುಹಿಡಿದುಬಿಟ್ಟರು.

“ಏನೇ ಹತ್ಸುಎ, ಎಲ್ಲರ ಯುಕಾತಾನೂ ಬಲಸೆರಗು ಮೇಲೆ ಬಂದಿದೆಯಲ್ಲ, ಹೆಣಕ್ಕೆ ಉಡಿಸೋ ಹಾಗೆ! ಬುದ್ಧ ಒಬ್ಬನೇ ಹೋಗ್ತಾನೆ ಅಂದ್ಕೊಂಡಿದ್ದೆ. ನೀನು ಇಡೀ ಬೀದೀನೇ ಕಳಿಸಿಬಿಟ್ಟೆ!”

“ಅಯ್ಯೋ ಅಜ್ಜ, ಬಲಮಗ್ಗುಲಲ್ಲಿ ಮಲಗಬೇಕಾದ ಬುದ್ಧನೂ ಎಡಮಗ್ಗುಲಾಗಿದ್ದಾನೆ. ಮೊದಲಿಂದ ಕೆತ್ತಬೇಕು.”

“ಬಿಡೇ ತಾಯಿ. ಎರಡೂವರೆ ಸಾವಿರ ವರ್ಷ ಒಂದೇ ಮಗ್ಗುಲು, ಮೈ ಹಿಡಿದಿರುತ್ತೆ ಪಾಪ. ನನ್ನ ಸುಮಿ ಇದ್ದಾಳಲ್ಲ, ಅಷ್ಟು ಸಾಕು.”

ಬೆಕ್ಕನ್ನು ಎಬ್ಬಿಸಬೇಕೆಂಬ ತಮ್ಮ ಪತ್ರವನ್ನು ಚೀಲದಿಂದ ಹೊರತೆಗೆಯದೆಯೇ ನಾನು ಮರಳಿದೆ. ಮಾರ್ಚ್‌ನಲ್ಲಿ ಸ್ನಾನಗೃಹ ಮುಚ್ಚುತ್ತದೆ, ಅಜ್ಜ ತಮ್ಮ ಕಚೇರಿಯೇ ನಡೆಸುವ ವೃದ್ಧಾಶ್ರಮಕ್ಕೆ ಹೋಗುತ್ತಾರೆ. ಅಲ್ಲಿ ಬೆಕ್ಕಿಗೆ ಪ್ರವೇಶವಿಲ್ಲ. ಸುಮಿ ತೋಫು ಅಂಗಡಿಯ ಪಾಲು. ಒಂದು ಬಡಪಾಯಿ ಬೆಕ್ಕನ್ನು ಎರಡೆರಡು ಬಾಗಿಲಲ್ಲಿ ತಡೆಯುವಷ್ಟು ಪುರುಸೊತ್ತು ಒಂದೇ ಕಚೇರಿಗೆ ಹೇಗೆ ಸಿಕ್ಕಿತು?

ಇಡೀ ಚಿತ್ರದಲ್ಲಿ ತಪ್ಪಿಲ್ಲದೆ ಮೂಡಿರುವುದು ಬೆಕ್ಕೊಂದೇ. ಅದಕ್ಕೆ ಎಡವೂ ಒಂದೇ, ಬಲವೂ ಒಂದೇ. ಸಮಿತಿ ಹುಡುಕಿ ಹುಡುಕಿ ಅದನ್ನೇ ದೋಷವೆಂದಿತು. ಚಿತ್ರವನ್ನು ಇದ್ದಂತೆಯೇ ತೂಗುಹಾಕಿ. ಅಜ್ಜನ ಬೆನ್ನು ಬಾಗಿದೆ, ಸ್ವಲ್ಪ ತಗ್ಗಿನಲ್ಲಿರಲಿ. ಪ್ರದರ್ಶನ ಮುಗಿದ ಮೇಲೆ ಅದನ್ನು ಆ ವೃದ್ಧಾಶ್ರಮಕ್ಕೆ, ಅವರ ಹಾಸಿಗೆಯ ಎದುರಿನ ಗೋಡೆಗೆ ಕಳಿಸಿ. ಕಾಗದದ ಬೆಕ್ಕಿಗೂ ಅಲ್ಲಿ ಪ್ರವೇಶವಿಲ್ಲವೆಂದಾದರೆ, ಅದನ್ನು ನನಗೆ ಬರೆಯಬೇಡಿ. ಅಜ್ಜನ ಮುಂದೆ ನಿಂತು ತಾವೇ ಹೇಳಿ.

ಇಂತಿ,
ಇಡೀ ಬೀದಿಗೆ ಹೆಣದ ಉಡುಗೆ ಉಡಿಸಿದ, ಆದರೆ ಬೆಕ್ಕನ್ನು ಮಾತ್ರ ಸರಿಯಾಗಿ ಕೆತ್ತಿದ
ಕುರಾಮೋಚಿ ಹತ್ಸುಎ