ಕಮಾನು ಕೂರಿಸಿದ ಚಕ್ಕಡಿ

ಯರಗಟ್ಟಿ
ಆಷಾಢ ಬಹುಳ ದಶಮಿ, ಸನ್ ೧೯೧೩

ಹಡೆದವ್ವ ಕೆಂಚವ್ವನ ಪಾದಕ್ಕೆ ಹಣೆ ಹಚ್ಚಿ ಮಗಳು ತಂಗೆವ್ವ ಮಾಡುವ ಶರಣು. ನಾವೆಲ್ಲ ಕ್ಷೇಮ. ಈ ಪತ್ರವನ್ನು ನಿನಗೆ ಓದಿ ಹೇಳುವವನು ಮಡಿವಾಳೆಪ್ಪಣ್ಣನೇ ಎಂದು ನನಗೆ ಗೊತ್ತು. ಅಣ್ಣ, ಸಿಟ್ಟು ಬಂದ ಕಡೆ ಸಾಲು ಹಾರಿಸಬೇಡ, ಎಲ್ಲವನ್ನೂ ಓದು.

ಮೊದಲು ಚಕ್ಕಡಿಯ ಸುದ್ದಿ. ನಿನ್ನ ಅಳಿಯಂದಿರಿಗೆ ಯುಗಾದಿಯಿಂದ ಅದೇ ಹುಚ್ಚು. ಗಾಲಿಗೆ ಕೆಂಪು ಬಣ್ಣ, ಮೈಗೆ ಗಿಳಿಹಸಿರು, ನೊಗದ ಎರಡೂ ತುದಿಗೆ ಹಿತ್ತಾಳೆಯ ಟೊಪ್ಪಿಗೆ. ಕಾರಹುಣ್ಣಿಮೆಯ ಸುಮಾರಿಗೆ ಬೈಲಹೊಂಗಲದಿಂದ ಯಾರದೋ ಮುರಿದ ಟಾಂಗಾದ, ಬಾಗಿ ಪುಟಿಯುವ ಉಕ್ಕಿನ ಕಮಾನುಪಟ್ಟಿಗಳನ್ನು ತಂದು, ಕಂಬಾರನ ಕಡೆಯಿಂದ ಅಚ್ಚಿನ ಮೇಲೆ ಕೂರಿಸಿದರು. ಈಗ ಗಾಲಿ ಕಲ್ಲು ಹತ್ತಿದರೂ ಒಳಗೆ ಕುಂತವರಿಗೆ ತೊಟ್ಟಿಲು ತೂಗಿದ ಹಾಗೆ. ಅದೇ ಟಾಂಗಾದ ಗಂಟೆ ಇವರ ಕಾಲ ಹತ್ತಿರ ಇದೆ. ದಾರಿಯಲ್ಲಿ ಕೋಳಿ ಕಂಡರೂ ಬಾರಿಸುತ್ತಾರೆ. ಹಿಂಬದಿಗೆ ಹಚ್ಚಿದ ಕನ್ನಡಿಯಲ್ಲಿ ಸಂತೆಗೆ ಹೋಗುವವರೆಲ್ಲ ರುಮಾಲು ಸರಿ ಮಾಡಿಕೊಳ್ಳುತ್ತಾರೆ. ಇವರಿಗೆ ಹಿಗ್ಗೋ ಹಿಗ್ಗು. ಎತ್ತಿನ ಹಗ್ಗ ಮಾತ್ರ ಯಾರ ಕೈಗೂ ಕೊಡುವವರಲ್ಲ. ಮಾವನವರು ಒಮ್ಮೆ ಹಿಡಿಯಲು ಹೋದರೆ, "ಎತ್ತು ಬೆದರತಾವ ಬಿಡ್ರಿ" ಅಂದುಬಿಟ್ಟರು!

ಇನ್ನು ನಾಗರಪಂಚಮಿಯ ಮಾತು. ಹೋದ ವರ್ಷ ಅಣ್ಣ ನನ್ನನ್ನು ಕರೆಯಲು ಬಂದಾಗ ಇವರು ತವರೂರು ಹೂಲಿಯಿಂದ ಬಂದ ಚಕ್ಕಡಿ ನೋಡಿ ನಕ್ಕು, "ಇದರಾಗ ಕುಂತ್ರ ಹೂಲಿ ಮುಟ್ಟೂದ್ರಾಗ ಎಲುಬು ಎಣಿಸಬೇಕಾಗತೈತಿ" ಅಂದದ್ದು ನಿನಗೂ ಗೊತ್ತು. ಅಣ್ಣ ನೀರು ಸಹ ಕುಡಿಯದೆ ಚಕ್ಕಡಿ ಹೊಳ್ಳಿಸಿದ. ನಾನು ಕಟ್ಟಿದ್ದ ಗಂಟು ಬಿಚ್ಚಿಟ್ಟು ಅತ್ತುಬಿಟ್ಟೆ. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಈ ವರ್ಷ ಇವರು, ನಾನೇ ಹೊಸ ಚಕ್ಕಡಿಯಲ್ಲಿ ಕರೆದೊಯ್ಯುತ್ತೇನೆ, ಹೂಲಿಯವರೂ ಒಮ್ಮೆ ನೋಡಲಿ ಎಂದು ಕುಣಿದರು. ಅಣ್ಣ ಬಂದು ಕರೆಯದೆ ಪಂಚಮಿಗೆ ತವರಿನ ಹೊಸ್ತಿಲು ತುಳಿಯುವುದಿಲ್ಲ ಎಂದು ನಾನೂ ಹಟ ಹಿಡಿದೆ. ಅಣ್ಣ ಇದ್ದೂ ಗಂಡ ತಂದು ಬಿಟ್ಟರೆ, ಓಣಿಯವರ ಮುಂದೆ ಅಣ್ಣನ ಮುಖ ಏನಾಗಬೇಕು?

ಹೀಗಿರುವಾಗ ಕಳೆದ ವಾರ ಸಂಪಗಾಂವಿಗೆ ನಾದಿನಿಯ ಮನೆಗೆ ಹೊರಟೆವು. ಇವರು ಚಕ್ಕಡಿಗೆ ಕಟ್ಟಿದ ಚಾಪೆಯ ಗುಡಾರದ ಮೇಲೆ ಹಿತ್ತಾಳೆಯ ಕಳಸ ಬೇರೆ ಏರಿಸಿದ್ದರು. ನಮ್ಮ ಊರಿನ ಅಗಸಿಬಾಗಿಲನ್ನೇನೋ ಬಾರುಕೋಲಿನಿಂದ ಅಳೆದಿದ್ದರು. ಸಂಪಗಾಂವಿಯದನ್ನು ಅಳೆದವರು ಯಾರು? ಗಂಟೆ ಬಾರಿಸುತ್ತ, ಎತ್ತು ಓಡಿಸುತ್ತ ಊರಬಾಗಿಲಿಗೆ ನುಗ್ಗಿದರು. ಕಳಸ ಮೇಲಿನ ತೊಲೆಗೆ ಸಿಕ್ಕು ಚಕ್ಕಡಿ ಹಿಂದೂ ಇಲ್ಲ, ಮುಂದೂ ಇಲ್ಲ. ಹಿಂದೆ ಮೇಯ್ದು ಬಂದ ಎಮ್ಮೆಗಳ ಹಿಂಡು ನಿಂತಿತು. ಒಬ್ಬ ಮುದುಕಿ ಬಂದು ಮೇಲೆ ಕೆಳಗೆ ನೋಡಿ, "ತಮ್ಮಾ, ನಿನ್ನ ಚಕ್ಕಡಿ ಊರೊಳಗ ಬರಾಂಗಿಲ್ಲ. ತಡಿ, ಊರ ಮಂದಿನ್ನೆಲ್ಲಾ ಇಲ್ಲೇ ಕರೀತೇನಿ" ಅಂದಳು. ಬಂದರೂ ಬಂದರು! ನಾನು ಒಳಗೆ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಇವರ ಕಿವಿ ಮಾತ್ರ ಗಾಲಿಯಷ್ಟು ಕೆಂಪಾಗಿದ್ದವು. ಕಡೆಗೆ ಹತ್ತು ಮಂದಿ ಕೂಡಿ ಚಕ್ಕಡಿಯನ್ನು ಹಿಂದಕ್ಕೆ ಜಗ್ಗಿ ಬಿಡಿಸಿದರು.

ಹೊಳ್ಳಿ ಬರುವಾಗ ಗಂಟೆ ಬಾರಿಸಲಿಲ್ಲ. ಎತ್ತಿನ ಹಗ್ಗ ಸಡಿಲು ಬಿಟ್ಟು, "ಹ್ವಾದ ವರ್ಷ ನಿಮ್ಮ ಅಣ್ಣಗೂ ಹಿಂಗ ಆಗಿರಬೇಕಲ್ಲ?" ಅಂದರು. ನಾನು ಹೂಂ ಅಂದೆ, ನಗಲಿಲ್ಲ. ಆ ಒಂದು ಮಾತಿಗೆ ಇವರ ಮೇಲೆ ಎಷ್ಟು ಪ್ರೀತಿ ಬಂತೆಂದು ಬರೆಯಲು ನಾಚಿಕೆಯಾಗುತ್ತದೆ.

ಮರುದಿನವೇ ಕಳಸ ಇಳಿಸಿದರು. ಈಗ ನಮ್ಮ ಆಳು ಲಗಮಪ್ಪನ ಕೈಯಲ್ಲಿ ಈ ಪತ್ರದ ಜೊತೆ ಆ ಚಕ್ಕಡಿಯನ್ನೇ ಕಳಿಸಿದ್ದಾರೆ. "ಹೂಲಿ ಮುಟ್ಟಿದ ಕೂಡಲೆ ಹಗ್ಗ ಮಡಿವಾಳೆಪ್ಪನವರ ಕೈಯಾಗ ಕೊಡು, ತಂಗೀನ ಅವರೇ ಬಂದು ಕರಕೊಂಡು ಹೋಗಲಿ" ಎಂದು ಅವನಿಗೆ ಹೇಳುವಾಗ ನಾನು ಬಾಗಿಲ ಹಿಂದೆ ನಿಂತಿದ್ದೆ. ತಪ್ಪಾಯಿತು ಎನ್ನಲು ಇವರಿಗೆ ಬಾಯಿ ಬರುವುದಿಲ್ಲ, ಅಣ್ಣ. ಅದನ್ನು ಎರಡು ಗಾಲಿಯ ಮೇಲೆ ಕಳಿಸಿದ್ದಾರೆ ಎಂದು ತಿಳಿ. ನೀನೇ ಹೊಡೆದುಕೊಂಡು ಬಾ. ನಾನು ಗಂಟು ಕಟ್ಟಿಕೊಂಡು ಕೂತಿದ್ದೇನೆ.

ನಿನ್ನ ಮಗಳು
ತಂಗೆವ್ವ

ತಾ.ಕ.: ಇದು ಅವ್ವನೊಬ್ಬಳಿಗೇ ಹೇಳುವ ಮಾತು. ಓದುವವನು ನೀನು, ಏನು ಮಾಡಲಿ! ಕಮಾನು ಕೂರಿಸಿದ್ದು ಶೋಕಿಗೆ ಎಂದು ಇವರು ಊರಿಗೆಲ್ಲ ಹೇಳುತ್ತಾರೆ. ಆದರೆ ರೊಟ್ಟಿ ಬಡಿಯುತ್ತ ಕೂತಾಗ ನನಗೆ ವಾಕರಿಕೆ ಬಂದ ಮರುದಿನವೇ ಇವರು ಬೈಲಹೊಂಗಲಕ್ಕೆ ಓಡಿದ್ದು. ಅಣ್ಣ, ಹೋಗುವಾಗ ಎತ್ತು ಓಡಿಸಬೇಡ, ಸಾವಕಾಶ ಹೊಡಿ. ಈ ಸಲ ನೀನು ಕರೆದೊಯ್ಯುವುದು ನನ್ನೊಬ್ಬಳನ್ನೇ ಅಲ್ಲ.